ಕೆಳಗಿನಿಂದ ಕತ್ತರಿಸುವ ಪದ್ಧತಿ

ನಮ್ಮ ಮನೆಯಲ್ಲಿ ಬರ್ಫಿ ಕತ್ತರಿಸುವುದು ಉಕ್ಕಿನ ಸ್ಕೇಲಿನಿಂದ. ಚಾಕು ಇಲ್ಲವೆಂದಲ್ಲ, ಚಾಕುವಿನ ಗೆರೆ ಕೈ ಹೋದ ಕಡೆ ಹೋಗುತ್ತದೆ, ಸ್ಕೇಲಿನ ಗೆರೆ ತಾನು ಹೋಗಬೇಕಾದ ಕಡೆಗೇ ಹೋಗುತ್ತದೆ. ತಟ್ಟೆಗೆ ಸುರಿದ ಪಾಕ ಇನ್ನೂ ಬೆಚ್ಚಗಿರುವಾಗ, ತುಪ್ಪ ಸವರಿದ ಸ್ಕೇಲನ್ನು ನೇರವಾಗಿ ಒತ್ತಿ ಎತ್ತಿದರೆ ಸಾಲು ಸಾಲಾಗಿ ಚೌಕಗಳು ಮೂಡುತ್ತವೆ. ತಟ್ಟೆ ದುಂಡಗೆ, ತುಂಡು ಚೌಕ. ಹಾಗಾಗಿ ಸುತ್ತಲೂ ಒಂದಿಷ್ಟು ಅಂಕುಡೊಂಕು ಚೂರುಗಳು ಉಳಿಯಲೇಬೇಕು. ಅವನ್ನು ನನ್ನ ಹೆಂಡತಿ ಸುಮಂಗಲಾ ಬೇರೊಂದು ಡಬ್ಬಿಗೆ ಹಾಕಿಡುತ್ತಾಳೆ. ಬಂದವರ ಮುಂದೆ ಚೌಕಗಳು, ಅಂಚಿನ ಚೂರುಗಳು ಮನೆಯವರ ಪಾಲಿಗೆ. ನಿಮ್ಮ ಮನೆಯ ರೂಢಿಯೂ ಇದೇ ಇರಬಹುದು.

ಈ ಸ್ಕೇಲು ಅಡುಗೆಮನೆಗೆಂದು ಬಂದದ್ದಲ್ಲ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಅದು ಬಹಳ ವರ್ಷ ನನ್ನ ಮೇಜಿನ ಮೇಲಿತ್ತು. ಪುಟ ಕಟ್ಟುವ ಕೆಲಸ ಕಾಗದದ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಅಂಕಣದ ಉದ್ದ ಅಳೆಯುವುದಕ್ಕೆ, ಹೆಚ್ಚಾದದ್ದನ್ನು ಹರಿಯುವುದಕ್ಕೆ ಇದೇ ಸಾಧನ. ನಮ್ಮ ಕಸುಬಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ವರದಿಗಾರ ಅತಿ ಮುಖ್ಯವಾದದ್ದನ್ನು ಮೊದಲು ಬರೆಯುತ್ತಾನೆ, ಅದಕ್ಕಿಂತ ಕಡಿಮೆ ಮುಖ್ಯವಾದದ್ದನ್ನು ಆಮೇಲೆ, ಇದ್ದರೂ ಆದೀತು ಇಲ್ಲದಿದ್ದರೂ ಆದೀತು ಎನ್ನುವಂಥದ್ದನ್ನು ಕೊನೆಗೆ. ಹೊತ್ತು ಮೀರಿ ಒಂದು ಜಾಹೀರಾತು ಬಂತು, ಜಾಗ ಸಾಲದಾಯಿತು ಎಂದರೆ ಡೆಸ್ಕಿನಲ್ಲಿ ಕೂತವನು ಸುದ್ದಿಯನ್ನು ಮತ್ತೆ ಓದಬೇಕಿಲ್ಲ. ಸ್ಕೇಲು ಇಟ್ಟು ಕೆಳಗಿನಿಂದ ಹರಿದರೆ ಸಾಕು. ಯೋಚಿಸುವ ಶ್ರಮವನ್ನೇ ಉಳಿಸುವ ಈ ವ್ಯವಸ್ಥೆಯ ಬಗ್ಗೆ ನನಗೆ ದೂರಿಲ್ಲ. ಅದಿಲ್ಲದೆ ಪತ್ರಿಕೆ ಬೆಳಗಿನ ಬಸ್ಸು ಹಿಡಿಯುತ್ತಿರಲಿಲ್ಲ. ಆದರೆ ಕೆಳಗೆ ಏನಿರುತ್ತಿತ್ತು ಎಂಬುದು ನೆನಪಿದೆ. ಸೇತುವೆ ಕುಸಿದ ಸುದ್ದಿಯ ಕೊನೆಗೆ, ಆ ಸೇತುವೆ ಬರುವ ಮೊದಲು ಜನ ಹೊಳೆಯನ್ನು ಹೇಗೆ ದಾಟುತ್ತಿದ್ದರು ಎಂಬ ಒಂದು ಸಾಲು. ತೀರಿಹೋದವರ ಸುದ್ದಿಯ ಕೊನೆಗೆ, ಅವರು ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಏನು ಹೇಳಿಕೊಡುತ್ತಿದ್ದರು ಎಂಬ ಇನ್ನೊಂದು ಸಾಲು. ಜಗಳದ ಸುದ್ದಿಯ ಕೊನೆಗೆ ಎದುರು ಪಕ್ಷದವರ ಮಾತು.

ನಿವೃತ್ತನಾದ ಮೇಲೆ ನಾನೂ ಸ್ಕೇಲೂ ವಾರಾಣಸಿಗೆ ಬಂದೆವು. ಸುಮಂಗಲಾ ಇಲ್ಲಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯೆ. ನಮ್ಮ ಸಾಲಿನ ಕೊನೆಯ ಕ್ವಾರ್ಟರ್ಸಿನಲ್ಲಿ ಲೋಹಶಾಸ್ತ್ರದ ಪ್ರಾಧ್ಯಾಪಕ ಮಲ್ಲಿಕಾರ್ಜುನ ಇದ್ದಾರೆ, ಧಾರವಾಡದವರು. ಅವರ ಒಬ್ಬಳೇ ಮಗಳ ಹೆಸರು ಶಾಲ್ಮಲಾ. ಗಂಗೆಯ ದಂಡೆಯಲ್ಲಿ ಹುಟ್ಟಿದ ಮಗುವಿಗೆ ತಮ್ಮೂರ ನೆಲದಡಿ ಹರಿಯುವ ಹೊಳೆಯ ಹೆಸರಿಟ್ಟು ಅವರು ಊರಿನ ಋಣವನ್ನು ಒಂದಷ್ಟು ತೀರಿಸಿಕೊಂಡಿದ್ದಾರೆ. ಮನೆಯಲ್ಲೂ ಹೊರಗೂ ಅವಳು ಶಾಲೂ. ಅವಳ ಕನ್ನಡ ಅಡುಗೆಮನೆಯಲ್ಲಿ ಹುಟ್ಟಿ ಆಟೋದಲ್ಲಿ ಬೆಳೆದದ್ದು. ಅರ್ಧ ವಾಕ್ಯ ಧಾರವಾಡದಿಂದ ಹೊರಟರೆ ಉಳಿದರ್ಧ ಇಲ್ಲಿಯ ಲಂಕಾ ಚೌಕದಲ್ಲಿ ಇಳಿಯುತ್ತದೆ.

ಪ್ರತಿಭಾವಂತೆ ಎಂಬ ಪದವನ್ನು ಪತ್ರಿಕೆಗಳಲ್ಲಿ ನಾವು ಸಾಕಷ್ಟು ಸವೆಸಿಬಿಟ್ಟಿದ್ದೇವೆ. ಆದ್ದರಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ. ಕಳೆದ ಕಾರ್ತಿಕದಲ್ಲಿ ಧಾರವಾಡದಿಂದ ಬರಲಿದ್ದ ಅವಳ ಅಜ್ಜಿಯನ್ನು ಕರೆತರಲು ನಾವೆಲ್ಲ ಕಂಟೋನ್ಮೆಂಟ್ ನಿಲ್ದಾಣಕ್ಕೆ ಹೋಗಿದ್ದೆವು. ರೈಲು ತಡ. ನಾನು ಚಹಾ ಕುಡಿದೆ, ಮಲ್ಲಿಕಾರ್ಜುನ ಸಿಟ್ಟು ಮಾಡಿಕೊಂಡರು, ಶಾಲೂ ಪ್ಲಾಟ್‌ಫಾರಂ ಮೇಲಿನ ಹಾಸುಗಲ್ಲುಗಳನ್ನು ನೋಡುತ್ತ ಕುಳಿತಳು. ರೈಲು ಬರುವಷ್ಟರಲ್ಲಿ, ಒಡೆದು ಹೋದ ಜಾಗಗಳನ್ನು ತುಂಬಲು ಎರಡೇ ಆಕಾರದ ಕಲ್ಲುಗಳು ಸಾಕು, ಮತ್ತು ಏಕೆ ಸಾಕು ಎಂಬುದನ್ನು ನನ್ನ ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದಳು. ನನಗೆ ತಿಳಿಯಲಿಲ್ಲ. ಅವಳ ಅಪ್ಪ ಎರಡು ಸಲ ಓದಿ, ಸಿಟ್ಟು ಮರೆತರು. ಆಗ ಅವಳು ಹತ್ತನೆಯ ತರಗತಿ.

ಇಂಥ ಮಕ್ಕಳ ವಿಷಯದಲ್ಲಿ ನಾನು ಗಮನಿಸಿದ್ದೊಂದಿದೆ. ಸಾಧಾರಣ ಬುದ್ಧಿಯ ಮಗುವಿಗೆ ಅಲೆಯುವ ಸ್ವಾತಂತ್ರ್ಯವಿರುತ್ತದೆ. ಅದು ಒಂದು ವರ್ಷ ಚಿತ್ರ ಬರೆದು, ಇನ್ನೊಂದು ವರ್ಷ ತಬಲಾ ಬಾರಿಸಿ, ಮೂರನೆಯ ವರ್ಷ ಏನೂ ಮಾಡದೆ ಇದ್ದರೂ ಯಾರೂ ಗಾಬರಿಪಡುವುದಿಲ್ಲ. ಪ್ರತಿಭೆ ಕಂಡ ಕ್ಷಣದಿಂದ ಮಾತ್ರ ಸುತ್ತಲಿನ ಹಿರಿಯರೆಲ್ಲ ಕಾವಲುಗಾರರಾಗುತ್ತಾರೆ. ಬುದ್ಧಿ ಎಷ್ಟು ದೊಡ್ಡದೋ ಬಾಗಿಲು ಅಷ್ಟು ಕಿರಿದು. ಈ ಕಿರಿದು ಮಾಡುವಿಕೆ ದ್ವೇಷದಿಂದಲ್ಲ, ಅಕ್ಕರೆಯಿಂದಲೇ ನಡೆಯುವುದರಿಂದ ಅದನ್ನು ಎದುರಿಸುವ ಭಾಷೆ ಮಗುವಿನ ಬಳಿ ಇರುವುದಿಲ್ಲ.

ಶಾಲೂಳ ಮುಂದೆಯೂ ಅಂಥ ಬಾಗಿಲೊಂದಿತ್ತು. ಹನ್ನೊಂದನೆಯ ತರಗತಿಗೆ ಐದು ವಿಷಯಗಳು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷು, ಇಷ್ಟರಲ್ಲಿ ತಕರಾರಿಲ್ಲ. ಐದನೆಯದು ಮಕ್ಕಳ ಇಚ್ಛೆಗೆ ಬಿಟ್ಟದ್ದು. ವಿಜ್ಞಾನದ ಮಕ್ಕಳು ಆ ಜಾಗಕ್ಕೆ ಕಂಪ್ಯೂಟರನ್ನೋ ದೈಹಿಕ ಶಿಕ್ಷಣವನ್ನೋ ತುಂಬಿ, ಉಳಿದ ಹೊತ್ತನ್ನು ದುರ್ಗಾಕುಂಡದ ಕಡೆಯ ಕೋಚಿಂಗ್ ತರಗತಿಗಳಿಗೆ ಕೊಡುತ್ತಾರೆ. ಆಯ್ದ ಮಕ್ಕಳ ಮೊದಲ ಬ್ಯಾಚ್ ಮಧ್ಯಾಹ್ನವೇ ಶುರುವಾಗುತ್ತದೆ. ಅದರಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಅವಳ ಶಾಲೆಯಲ್ಲಿ ಇತಿಹಾಸದ ಪಾಠ ನಡೆಯುವುದೂ ಆ ಹೊತ್ತಿನಲ್ಲೇ. ಹಾಗಾಗಿ ಯಾವ ಚರ್ಚೆಯೂ ಇಲ್ಲದೆ ಐದನೆಯ ವಿಷಯ ದೈಹಿಕ ಶಿಕ್ಷಣ ಎಂದು ತೀರ್ಮಾನವಾಗಿತ್ತು, ಮತ್ತು ಅದಕ್ಕೆ ಶಾಲೂಳ ವಿರೋಧವೂ ಇರಲಿಲ್ಲ. ಅವಳಿಗೆ ಇತಿಹಾಸವೆಂದರೆ ಇಸವಿಗಳು. ನೆನಪಿಟ್ಟುಕೊಂಡದ್ದನ್ನು ಬರೆದು ಬರುವುದರಲ್ಲಿ ಅವಳಂಥವಳಿಗೆ ಏನು ಸಂತೋಷ?

ಇದರ ನಡುವೆ ವಿಜ್ಞಾನ ಪ್ರದರ್ಶನ ಬಂತು. ಶಾಲೂ ಮತ್ತು ಅವಳ ಗೆಳತಿ ನಿದಾ ಆರಿಸಿಕೊಂಡ ವಿಷಯ ಜನಸಂದಣಿ. ವಿಶ್ವನಾಥ ಗಲ್ಲಿಗೆ ಸೇರುವ ಒಂದು ಕಿರಿದಾದ ಓಣಿಯಲ್ಲಿ ನಿದಾಳ ಚಿಕ್ಕಪ್ಪನ ಸೀರೆ ಅಂಗಡಿಯಿದೆ. ಅದರ ಮಹಡಿಯ ಕಿಟಕಿಯಲ್ಲಿ ಕೂತು, ಕೆಳಗೆ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋಗಲು ಒಬ್ಬೊಬ್ಬರಿಗೂ ಎಷ್ಟು ಹೊತ್ತು ಬೇಕು ಎಂದು ಇಬ್ಬರೂ ಸರದಿಯ ಮೇಲೆ ಅಳೆದರು. ಆ ಅಳತೆಗಳಿಂದ ಶಾಲೂ ಒಂದು ಗಣಿತದ ಮಾದರಿ ಕಟ್ಟಿದಳು. ಓಣಿಯ ಎರಡೂ ಬದಿ ಮನೆಗಳ ಮುಂದೆ ಚಾಚಿಕೊಂಡ ಹಳೆಯ ಕಲ್ಲಿನ ಜಗಲಿಕಟ್ಟೆಗಳನ್ನು ತೆಗೆದು, ಜನರನ್ನು ಒಂದೇ ದಿಕ್ಕಿನಲ್ಲಿ ಬಿಟ್ಟರೆ ಹಬ್ಬದ ದಿನದ ಇಕ್ಕಟ್ಟು ಎಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸುತ್ತಿತ್ತು. ಗ್ರಾಫಿನ ಗೆರೆ ನುಣುಪಾಗಿ ಬಂದಿತ್ತು. ಶಾಲೆಯಲ್ಲಿ ಬಹುಮಾನ, ಜಿಲ್ಲೆಯಲ್ಲಿ ಬಹುಮಾನ. ಇನ್ನು ಲಕ್ನೋದಲ್ಲಿ ರಾಜ್ಯಮಟ್ಟ. ಅಲ್ಲಿ ಗೆದ್ದವರಿಗೆ ಮುಂದಿನ ದಾರಿಗಳು ಹಲವು. ಆದರೆ ಅಲ್ಲಿಯ ನಿಯಮದಂತೆ ವರದಿ ಚಿಕ್ಕದಾಗಿರಬೇಕು, ಇವಳದು ಉದ್ದವಾಗಿತ್ತು. ಭೌತಶಾಸ್ತ್ರದ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ನೀಚೇ ಸೇ ಕಾಟ್ ದೋ." ಕೆಳಗಿನಿಂದ ಕತ್ತರಿಸು.

ಜನವರಿಯ ಒಂದು ಭಾನುವಾರ ಮಲ್ಲಿಕಾರ್ಜುನ ಮಗಳನ್ನು ಕರೆದುಕೊಂಡು ಬಂದರು. "ಇದು ನಿಮ್ಮ ಕಸುಬಲ್ಲೇನ್ರೀ, ಇನ್ನೊಬ್ಬರು ಬರದದ್ದನ್ನ ಕತ್ತರಸೋದು? ಸ್ವಲ್ಪ ಕೂಡ್ರಿಸಿಕೊಂಡು ಕತ್ತರಿಸಿಕೊಡ್ರಿ" ಎಂದು ಹೇಳಿ, ಚಳಿಗೆ ಮಫ್ಲರ್ ಬಿಗಿದುಕೊಂಡು ಹೊರಟುಹೋದರು.

ಶಾಲೂಗೆ ಈ ಕೆಲಸ ಹೊಸದಲ್ಲ. ಇಲ್ಲಿಯ ಕರ್ನಾಟಕದ ಮಠವೊಂದರ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ಕನ್ನಡದ ಮನೆಗಳ ಮಕ್ಕಳಿಗೆ ನಾನು ಕನ್ನಡ ಓದಿಸುತ್ತೇನೆ. ಪದ್ಯ ಬಾಯಿಪಾಠ ಮಾಡಿಸುವುದು ನನ್ನಿಂದಾಗದ್ದರಿಂದ ನನಗೆ ಗೊತ್ತಿದ್ದುದನ್ನೇ ಮಾಡಿಸುತ್ತೇನೆ: ಒಂದು ಸುದ್ದಿ ಕೊಟ್ಟು, ಇದನ್ನು ಅರ್ಧಕ್ಕಿಳಿಸಿ ಎನ್ನುತ್ತೇನೆ. ಉಳಿದ ಮಕ್ಕಳು ಅಯ್ಯೋ ಪಾಪ ಎಂದು ಅಲ್ಲೊಂದು ಇಲ್ಲೊಂದು ಪದ ಕೀಳುವಾಗ ಶಾಲೂ ನಿರ್ದಯವಾಗಿ ಕೆಳಗಿನಿಂದ ಗೆರೆ ಎಳೆದು ಎಲ್ಲರಿಗಿಂತ ಮೊದಲು ತಲೆಯೆತ್ತುತ್ತಿದ್ದಳು. "ಖತಮ್, ಅಂಕಲ್." ಅಂಥ ಶಿಷ್ಯೆ ಡೆಸ್ಕಿಗೆ ಸಿಕ್ಕಿದ್ದರೆ ಯಾವ ಸಂಪಾದಕನೂ ಬಿಡುತ್ತಿರಲಿಲ್ಲ.

ಅಂದು ನಮ್ಮ ಊಟದ ಮೇಜಿನ ಮೇಲೆ ಹಸಿ ಬಟಾಣಿಯ ರಾಶಿ. ಈ ಊರಿನ ಚಳಿಗಾಲದ ಅರ್ಧ ಬಟಾಣಿ ಸುಲಿಯುವುದರಲ್ಲೇ ಕಳೆಯುತ್ತದೆ. ಸುಮಂಗಲಾ ಒಂದು ಬದಿಯಲ್ಲಿ ಸುಲಿಯುತ್ತ ಕೂತಿದ್ದಳು, ಇನ್ನೊಂದು ಬದಿಯಲ್ಲಿ ನಾನೂ ಶಾಲೂವೂ ವರದಿಯ ಹಾಳೆಗಳನ್ನು ಹರಡಿಕೊಂಡೆವು. ಅವಳು ಓದುವುದು, ನಾನು ಸ್ಕೇಲಿಟ್ಟು ಗೆರೆ ಎಳೆಯುವುದು. ಕೊನೆಯ ಭಾಗದಲ್ಲಿ ಅಳತೆಯ ಕ್ರಮವಿತ್ತು. ಅದರ ನಡುವೆ ಒಂದು ವಾಕ್ಯ: ಅತಿ ನಿಧಾನದ ಕೆಲವು ಅಳತೆಗಳನ್ನು ಅಪವಾದವೆಂದು ಕೈಬಿಡಲಾಗಿದೆ.

"ಇದನ್ನ ಹೇಗೂ ಹೊಡೆಯಬಹುದು" ಎಂದಳು ಶಾಲೂ.

ಸುಮಂಗಲಾ ಬಟಾಣಿಯಿಂದ ಕಣ್ಣೆತ್ತದೆ ಕೇಳಿದಳು: "ಯಾರವರು, ಕೈಬಿಟ್ಟೋರು?"

"ಔಟ್‌ಲೈಯರ್ಸ್, ಆಂಟಿ. ಬಹಳ ಸ್ಲೋ. ಅವರನ್ನ ಇಟ್ರೆ ಗ್ರಾಫ್ ಏಕ್‌ದಮ್ ಖರಾಬ್ ಆಗ್ತದೆ."

"ಅದಲ್ಲವಾ, ಯಾರು ಅಂತ ಕೇಳಿದೆ. ಕುಂಟೋರೋ, ಬಸುರ್‍ಯಾರೋ, ಸಾಮಾನು ಹೊತ್ತೋರೋ?"

ಅರಿವಳಿಕೆಯ ವೈದ್ಯರಿಗೆ ಇದೊಂದು ಅಭ್ಯಾಸ. ಎಲ್ಲರಿಗೂ ಹೊಂದುವ ಪ್ರಮಾಣ ಯಾರಿಗೆ ಹೊಂದುವುದಿಲ್ಲ ಎಂಬುದೇ ಅವರ ದಿನನಿತ್ಯದ ಚಿಂತೆ. ಶಾಲೂ ನಗುತ್ತಲೇ ಹೇಳತೊಡಗಿದಳು. "ಎಲ್ಲರೂ ಇದ್ರು. ಒಬ್ಬ ಬಾಬಾ ಇದ್ರು, ಊರುಗೋಲು. ಒಬ್ಬಳು ಬಚ್ಚಾ ಎತ್ಕೊಂಡು ಕೂತೇ ಬಿಟ್ಟಳು. ಮತ್ತೆ ಆವತ್ತು ನಿದಾಳ ಟರ್ನ್ ಇತ್ತು, ನಾನು ಅಜ್ಜಿ ಜೊತೆ ದರ್ಶನಕ್ಕೆ ಹೋಗ್ತಾ ಇದ್ದೆ. ನಿದಾ ಮೇಲಿಂದ ನಮ್ಮನ್ನೂ ಟೈಮ್ ಮಾಡಿದ್ಲು. ಅಜ್ಜಿ ಅವಳಿಗೆ ಕೈ ಬೀಸಿದ್ರು. ಮತ್ತೆ ಅಜ್ಜಿ..."

ಅಲ್ಲಿಗೆ ನಿಂತಳು. ಸುಮಂಗಲಾಳ ಕೈಯೂ ನಿಂತಿತು. ಶಾಲೂ ಹಾಳೆಯಲ್ಲಿದ್ದ ಆ ವಾಕ್ಯದ ಮೇಲೆ ಬೆರಳಿಟ್ಟಳು. ಲೆಕ್ಕ ತಪ್ಪಿದಾಗ ಅವಳು ಹುಬ್ಬು ಗಂಟಿಕ್ಕುತ್ತಾಳೆ, ಆಮೇಲೆ ಸರಿಪಡಿಸುತ್ತಾಳೆ. ಇದು ಹಾಗಿರಲಿಲ್ಲ.

"ಅಂಕಲ್," ಎಂದಳು, "ನಾನು ಅಜ್ಜಿನ ಹೊರಗೆ ಹಾಕಿದೀನಿ. ನಾನೇ ಕೈ ಹಿಡ್ಕೊಂಡು ಹೋಗಿದ್ದೆ. ಆಮೇಲೆ ಬಂದು ನಾನೇ ಡಿಲೀಟ್ ಮಾಡಿದೆ."

ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ಅಪವಾದಗಳನ್ನು ಬಿಡುವುದು ವಿಜ್ಞಾನದ ಒಪ್ಪಿತ ಕ್ರಮ, ಅದರಲ್ಲಿ ಮೋಸವಿಲ್ಲ ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ಅವಳು ಆಗಲೇ ಸುಮಂಗಲಾಳ ಫೋನು ಕೇಳಿ ಪಡೆದು ಧಾರವಾಡಕ್ಕೆ ಮರಳಿದ್ದ ಅಜ್ಜಿಗೆ ಕರೆ ಮಾಡಿಯಾಗಿತ್ತು. ಅಜ್ಜಿಯ ದನಿ ಬಟಾಣಿಯ ರಾಶಿಯ ಮೇಲೆ ಗಟ್ಟಿಯಾಗಿ ಕೇಳಿಸಿತು.

"ಊಟಾತೇನವಾ? ಚಳಿಗೆ ಕಿವಿ ಮುಚಗೊಂಡೀಯಿಲ್ಲೋ?"

"ಅಜ್ಜಿ, ಆ ಗಲ್ಲಿಯಲ್ಲಿ ನೀವು ಎಲ್ಲೆಲ್ಲಿ ಕೂತ್ರಿ, ಯಾದ್ ಇದೆಯಾ?"

"ಎಲ್ಲೆಲ್ಲಿ ಕಟ್ಟಿ ಕಂಡ್ತು ಅಲ್ಲೆಲ್ಲಾ ಕುಂತೆ. ಕಟ್ಟಿ ಇರಲಿಲ್ಲಂದ್ರ ನಾ ಅರ್ಧ ದಾರಿಗೇ ತಿರುಗಿ ಬರತಿದ್ದೆ, ವಿಶ್ವನಾಥನ ಎದ್ದು ಬಂದು ನನ್ನ ದರ್ಶನ ತಗೋಬೇಕಾಗಿತ್ತು. ಯಾಕ, ಈಗ ನನ್ನ ಮ್ಯಾಲೂ ಏನರ ಲೆಕ್ಕ ನಡಸೀಯೇನು?"

ಶಾಲೂ ನಮ್ಮ ಕಡೆ ನೋಡಲಿಲ್ಲ. "ಅಜ್ಜಿ, ಆ ಕಟ್ಟೆಗಳನ್ನ ಯಾರು ಕಟ್ಟಿಸಿದ್ದು?"

"ನನಗೇನ ಗೊತ್ತ ತಾಯಿ. ಯಾರೋ ಪುಣ್ಯಾತ್ಮರು. ಅವರಿಗೂ ಮೊಣಕಾಲ ನೋವಿತ್ತೋ ಏನೋ. ನೀ ಶಾಣ್ಯಾಕಿ ಅದೀ, ನೀನ ಹುಡುಕಿ ಹೇಳು."

ಅಂದು ವರದಿ ಕತ್ತರಿಸುವ ಕೆಲಸ ಮುಂದುವರಿಯಲಿಲ್ಲ. ಶಾಲೂ ಹಾಳೆಗಳನ್ನು ಜೋಡಿಸಿಕೊಂಡು, ಸ್ಕೇಲು ಬೇಕು ಎಂದು ಕೇಳಿ, ಅದನ್ನೂ ತೆಗೆದುಕೊಂಡು ಹೋದಳು.

ಮುಂದಿನ ದಿನಗಳಲ್ಲಿ ಅವಳು ಹುಡುಕಾಟಕ್ಕೆ ಹೊರಟದ್ದು ಒಂದು ಲೆಕ್ಕ ಬಿಡಿಸುವವಳ ಆತ್ಮವಿಶ್ವಾಸದಿಂದ. ಕಟ್ಟೆಗಳಿವೆ, ಅಂದರೆ ಯಾರೋ ಕಟ್ಟಿಸಿದ್ದಾರೆ, ಅಂದರೆ ಎಲ್ಲೋ ಉತ್ತರವಿದೆ. ಮಠದ ಹಿರಿಯ ಸ್ವಾಮಿಗಳು ಹೇಳಿದರು: ಹಿಂದೆ ಒಬ್ಬ ವ್ಯಾಪಾರಿಯ ವಿಧವೆ, ಗಂಗೆಯ ಘಾಟಿಗೆ ಶವ ಹೊತ್ತು ಹೋಗುವವರು ಹೆಗಲು ಇಳಿಸಿಕೊಳ್ಳಲೆಂದು ಕಟ್ಟಿಸಿದಳಂತೆ. ನಿದಾಳ ಚಿಕ್ಕಪ್ಪ ನಕ್ಕು, ಅದೆಲ್ಲ ಕಥೆ, ಅಂಗಡಿಯವರು ಮಾಲು ಹರಡಿ ತೋರಿಸಲು ಮಾಡಿಕೊಂಡದ್ದು ಎಂದರು. ಶಾಲೆಯ ಇತಿಹಾಸದ ಶಿಕ್ಷಕಿ ತಿವಾರಿ ಮೇಡಂ, ನದಿಯ ನೀರು ಏರಿದಾಗ ಒಳಗೆ ಬಾರದಿರಲೆಂದು ಮನೆಗಳ ತಳವನ್ನು ಎತ್ತರಿಸಿರಬಹುದು, ಕೂರುವ ಜಾಗ ತಾನಾಗಿ ಒದಗಿರಬಹುದು, ಅದೂ ಊಹೆಯೇ ಎಂದರು. ಶಾಲೂಗೆ ಸಿಟ್ಟು ಬಂದಿತು. ಮೂವರು ಮೂರು ಹೇಳಿದರೆ ನಿಜ ಯಾವುದು ಎಂದು ಸ್ಟಾಫ್ ರೂಮಿನಲ್ಲೇ ಕೇಳಿದಳಂತೆ. ತಿವಾರಿ ಮೇಡಂ ಉತ್ತರಿಸಿದ್ದನ್ನು ಅವಳು ಅವರದೇ ದನಿಯಲ್ಲಿ ನಮಗೆ ಮಾಡಿ ತೋರಿಸಿದಳು: "ಅಬ್ ಆಯೀ ಹೋ ಬಿಟಿಯಾ ಇತಿಹಾಸ್ ಮೇಂ." ಮಗಳೇ, ಇತಿಹಾಸದೊಳಕ್ಕೆ ನೀನು ಈಗ ಬಂದೆ.

ಓದುವ ಮಿತ್ರರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಾನವಿಕ ವಿಷಯಗಳನ್ನು ಹೊಗಳುವವರು ಅವು ಮನಸ್ಸನ್ನು ಮೃದುಗೊಳಿಸುತ್ತವೆ, ಒಳ್ಳೆಯ ಮನುಷ್ಯರನ್ನು ಮಾಡುತ್ತವೆ ಎಂದು ಹೇಳುವುದುಂಟು. ಸುದ್ದಿಮನೆಯಲ್ಲಿ ಕೂತವನಿಗೆ ಇದನ್ನು ನಂಬುವುದು ಕಷ್ಟ. ಬಹಳ ಓದಿಕೊಂಡವರು ಮಾಡಿದ ಕ್ರೌರ್ಯದ ಸುದ್ದಿಗಳಿಗೂ ನಾನು ಶೀರ್ಷಿಕೆ ಕೊಟ್ಟಿದ್ದೇನೆ. ಇತಿಹಾಸವನ್ನು ದೊಣ್ಣೆಯಂತೆ ಬೀಸುವವರನ್ನು ದಿನವೂ ನೋಡುತ್ತೇನೆ. ಹಾಗಾಗಿ ಅಷ್ಟು ದೊಡ್ಡ ಮಾತು ಬೇಡ. ನಾನು ಕಂಡ ಪ್ರಯೋಜನ ಚಿಕ್ಕದು ಮತ್ತು ಕಠಿಣವಾದದ್ದು. ಶಾಲೂಳಂಥ ಮಗು ಹುಟ್ಟಿದಾಗಿನಿಂದ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಹೊತ್ತು ತಿಳಿಯದವಳಾಗಿ ಇದ್ದದ್ದಿಲ್ಲ. ಪ್ರಶ್ನೆ ಬರುತ್ತದೆ, ಉತ್ತರ ಪುಸ್ತಕದ ಹಿಂದಿರುತ್ತದೆ, ಅವಳು ಅಲ್ಲಿಗೆ ಇತರರಿಗಿಂತ ಮೊದಲು ಮುಟ್ಟುತ್ತಾಳೆ. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ ಅವಳ ಮುಂದಿಡುವುದು ಹಿಂದೆ ಉತ್ತರವಿಲ್ಲದ ಪುಸ್ತಕವನ್ನು. ಮೂರು ಸಾಕ್ಷಿಗಳಲ್ಲಿ ಯಾರಿಗೆ ಏನು ಲಾಭ, ಯಾರು ತಾವು ಕಂಡದ್ದನ್ನು ಹೇಳುತ್ತಿದ್ದಾರೆ, ಯಾರು ಕೇಳಿದ್ದನ್ನು ಹೇಳುತ್ತಿದ್ದಾರೆ ಎಂದು ತೂಗಿ ನೋಡಬೇಕು. ತೂಗಿದ ಮೇಲೂ ಬಹುಶಃ ಎಂಬ ಪದವನ್ನು ನಾಚಿಕೆಯಿಲ್ಲದೆ ಬರೆಯಬೇಕು. ಸಾಧಾರಣ ಮಗು ಈ ಸಂಕಟವನ್ನು ಬೇರೆಡೆಯೂ ಅನುಭವಿಸುತ್ತದೆ, ಏಕೆಂದರೆ ಅದಕ್ಕೆ ಗಣಿತದಲ್ಲೂ ತಿಳಿಯುವುದಿಲ್ಲ. ಪ್ರತಿಭಾವಂತ ಮಗುವಿಗೆ ಮಾತ್ರ ಈ ಸಂಕಟ ಸಿಗುವ ಜಾಗಗಳು ಬಹಳ ಕಡಿಮೆ. ಅವನ್ನೂ ನಾವು ವೇಳಾಪಟ್ಟಿಯ ಕೆಳಗಿನಿಂದ ಹರಿದುಬಿಟ್ಟರೆ, ತಮಗೆ ಕಾಣದ್ದು ಇಲ್ಲವೇ ಇಲ್ಲ ಎಂದು ನಂಬಿದ ಬುದ್ಧಿವಂತರು ನಮ್ಮ ಓಣಿಗಳನ್ನೂ ಆಸ್ಪತ್ರೆಗಳನ್ನೂ ರೂಪಿಸಲು ಬರುತ್ತಾರೆ. ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದು ನಮ್ಮಿಂದಾಗುವುದಿಲ್ಲ.

ಶಾಲೂ ವರದಿಯನ್ನು ಹೊಸದಾಗಿ ಬರೆದಳು. ಕೈಬಿಟ್ಟವರನ್ನೆಲ್ಲ ಒಳಗೆ ತಂದಳು; ನುಣುಪಾದ ಗೆರೆ ಹಲ್ಲುಹಲ್ಲಾಯಿತು. ಕಟ್ಟೆ ತೆಗೆದರೆ ಗಟ್ಟಿಮುಟ್ಟಾದವರು ಬೇಗ ದಾಟುತ್ತಾರೆ, ಆಗದವರು ಓಣಿಯ ನಡುವೆಯೇ ನಿಲ್ಲುತ್ತಾರೆ, ಅವರು ಹೀಗೆ ನಿಂತಾಗ ಏನಾಗುತ್ತದೆ ಎಂಬುದು ತನ್ನ ಮಾದರಿಗೆ ಗೊತ್ತಿಲ್ಲ ಎಂದು ಬರೆದಳು. ಕಟ್ಟೆಗಳನ್ನು ಸ್ಕೇಲಿನಿಂದ ಅಳೆದು, ಕಲ್ಲುಗಳು ನಡುವೆ ಎಷ್ಟು ಸವೆದಿವೆ ಎಂಬುದನ್ನು ದಾಖಲಿಸಿ, ಮೂರು ಕಥೆಗಳನ್ನೂ ಕೊಟ್ಟಳು. ಇದೆಲ್ಲವನ್ನೂ ವರದಿಯ ಮೊದಲಿಗೆ ಇಟ್ಟಳು. ಮೇಷ್ಟ್ರು ಕೆಳಗಿನಿಂದ ಕತ್ತರಿಸಿದಾಗ ಹೋದದ್ದು ಜಿಲ್ಲೆಯಲ್ಲಿ ಬಹುಮಾನ ಗೆದ್ದುಕೊಟ್ಟ ಸಮೀಕರಣಗಳ ಒಂದು ಪುಟ. ಅವರು ತಲೆ ಚಚ್ಚಿಕೊಂಡರಂತೆ.

ಲಕ್ನೋದಲ್ಲಿ ಅವಳಿಗೆ ಏನೂ ಬರಲಿಲ್ಲ. ಬಂದಿತು ಎಂದು ಬರೆಯುವ ಆಸೆ ನನಗೂ ಇದೆ, ಆದರೆ ಬರಲಿಲ್ಲ. ಹಾಗಾದರೆ ಪರಿಹಾರವೇನು ಎಂದು ತೀರ್ಪುಗಾರರು ಕೇಳಿದರು. ನನಗೆ ಇನ್ನೂ ಗೊತ್ತಿಲ್ಲ ಎಂದು ಅವಳು ಹೇಳಿದಳು. ಅವರು ಮುಂದಿನ ಮೇಜಿಗೆ ಹೋದರು. ಹಿಂತಿರುಗುವ ರೈಲಿನಲ್ಲಿ ಅವಳು ಅಪ್ಪನಿಗೆ, ಐದನೆಯ ವಿಷಯವಾಗಿ ಇತಿಹಾಸ ಬೇಕು ಎಂದಳು. ಅಂದರೆ ಮಧ್ಯಾಹ್ನದ ಮೊದಲ ಬ್ಯಾಚ್ ಬಿಡಬೇಕು.

ಮಾರ್ಚಿನಲ್ಲಿ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮಲ್ಲಿಕಾರ್ಜುನ ಒಂದು ಸಂಜೆ ನಮ್ಮ ಮನೆಗೆ ಬಂದರು. ಹಿಂದೆ ಶಾಲೂ. ಅವರು ಕುರ್ಚಿಯ ತುದಿಯಲ್ಲಿ ಕೂತರು, ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ನೀವ ಸ್ವಲ್ಪ ಬುದ್ಧಿ ಹೇಳ್ರಿ ಇಕಿಗೆ" ಎಂದರು ಅವರು. "ಇತಿಹಾಸ ಮನ್ಯಾಗ ಕುಂತು ಓದಬಹುದು. ಪ್ರವೇಶ ಪರೀಕ್ಷಾ ಮನ್ಯಾಗ ಕುಂತು ಗೆಲ್ಲಾಕ ಆಗಂಗಿಲ್ಲ. ಇಂಥಾ ತಲಿ ಎಷ್ಟು ಮಂದಿಗೆ ಕೊಟ್ಟಾನ ದೇವರು? ಎರಡು ವರ್ಷ, ಎರಡ ವರ್ಷ ತಡಕೋ ಅಂತೀನಿ. ಆಮ್ಯಾಲೆ ಶಿಲಾಯುಗದಿಂದ ಹಿಡದು ಏನ ಬೇಕಾದ್ದು ಓದಲಿ."

ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಧಾರವಾಡದ ಬಾಡಿಗೆಯ ಕೋಣೆಯೊಂದರಲ್ಲಿ ಬೀದಿದೀಪಕ್ಕೆ ಕಾದು ಓದಿದವರು ಅವರು. ಸ್ಪರ್ಧೆಯೆಂದರೇನು, ಒಂದು ಮೆಟ್ಟಿಲು ಜಾರಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ನನ್ನ ಬಳಿ ಅವರಿಗೆ ಕೊಡುವ ಭರವಸೆ ಇರಲಿಲ್ಲ. ಮಾತಾಡಿದ್ದು ಶಾಲೂ.

"ಅಪ್ಪಾ, ಮ್ಯಾಥ್ಸ್‌ನಲ್ಲಿ ನಾನು ಗಲತ್ ಮಾಡಿದ್ರೆ ಯಾರಾದ್ರೂ ಹೇಳ್ತಾರೆ. ನೀವು ಹೇಳ್ತೀರಿ, ಸರ್ ಹೇಳ್ತಾರೆ, ಇಲ್ಲಾಂದ್ರೆ ಉತ್ತರಾನೇ ಹೇಳ್ತದೆ. ಅಜ್ಜಿನ ತೆಗೆದಾಗ ಯಾರೂ ಹೇಳಲಿಲ್ಲ. ಲೆಕ್ಕ ಸರಿ ಇತ್ತು ಅಪ್ಪಾ. ಪ್ರೈಜ್ ಬಂತು. ನೀವೂ ನೋಡಿದ್ರಿ."

ಮಲ್ಲಿಕಾರ್ಜುನ ಅವಳ ಕಡೆ ತಿರುಗಿದರು.

"ನಿಮ್ಮ ಅವ್ವ ಅವರು. ನೀವೂ ಗ್ರಾಫ್ ನೋಡಿ ವೆರಿ ಗುಡ್ ಅಂದ್ರಿ."

ಮಲ್ಲಿಕಾರ್ಜುನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ. ಆಮೇಲೆ, ನಮಗಲ್ಲ, ತಮಗೇ ಹೇಳಿಕೊಳ್ಳುವಂತೆ ಅಂದರು: "ಅವ್ವಗ ಮೊಣಕಾಲ ನೋವು ಅಂತ ನನಗ ಗೊತ್ತಿತ್ತು. ಆದ್ರ ಎಲ್ಲೆಲ್ಲಿ ಕುಂತ್ಲು ಅಂತ ನಾ ಕೇಳಲೇ ಇಲ್ಲ."

ಅಂದು ತೀರ್ಮಾನವಾಗಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಮಗಳು ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ, ವಿಶ್ವನಾಥ ಗಲ್ಲಿಗೆ ಹತ್ತಿರದ ಗೋದೌಲಿಯಾದ ಕಡೆ ಹೋದದ್ದನ್ನು ಸುಮಂಗಲಾ ಆಸ್ಪತ್ರೆಗೆ ಹೊರಟಾಗ ನೋಡಿದಳು. ಅಲ್ಲಿ ಏನು ಮಾತಾಯಿತೆಂದು ಅವರಿಬ್ಬರೂ ಹೇಳಿಲ್ಲ. ಕೇಳಿ ತಿಳಿಯುವ ಹಳೆಯ ಚಟವನ್ನು ನಾನೂ ತಡೆದುಕೊಂಡೆ. ಆ ವಾರದ ಕೊನೆಗೆ ಮೊದಲ ಬ್ಯಾಚಿನ ಜಾಗವನ್ನು ಅವರು ಬಿಟ್ಟುಕೊಟ್ಟರು. ಶಾಲೂ ಈಗ ಸಂಜೆಯ ಬ್ಯಾಚಿಗೆ ಹೋಗುತ್ತಾಳೆ. ಅಲ್ಲಿ ಪಾಠ ನಿಧಾನ, ಮಕ್ಕಳು ಹೆಚ್ಚು, ಮತ್ತು ಆ ದರ್ಜೆಯಿಂದ ಮುಂದೆ ಗೆದ್ದವರು ಕಡಿಮೆ. ಎರಡು ವರ್ಷದ ಮೇಲೆ ಮಲ್ಲಿಕಾರ್ಜುನರ ಭಯವೇ ಸರಿಯಾಗಿತ್ತು ಎಂದು ತಿಳಿಯಬಹುದು. ಆ ಸಾಧ್ಯತೆಯನ್ನು ಕೆಳಗಿನಿಂದ ಹರಿದು ಹಾಕಿ ಈ ಬರಹವನ್ನು ಮುಗಿಸುವುದು ನ್ಯಾಯವಲ್ಲ. ವಿಜ್ಞಾನದ ವಿಭಾಗದಿಂದ ಇತಿಹಾಸಕ್ಕೆ ಬಂದವಳು ಅವಳೊಬ್ಬಳೇ. ತಿವಾರಿ ಮೇಡಂ ಮುಂದಿನ ಬೆಂಚಿನಲ್ಲಿ ಜಾಗ ಮಾಡಿಸಿದ್ದಾರೆ.

ಇತಿಹಾಸದ ಮೊದಲ ಪಾಠ ನಡೆದ ದಿನ ಕೋಚಿಂಗಿಗೆ ಹೋಗುವ ಮುನ್ನ ಅವಳು ಸ್ಕೇಲು ಹಿಂದಿರುಗಿಸಲು ಬಂದಳು. ಅದರ ಒಂದು ಅಂಚಿಗೆ ಓಣಿಯ ಸುಣ್ಣ ಮೆತ್ತಿಕೊಂಡು ಒಣಗಿತ್ತು. ಸುಮಂಗಲಾ ಅಂದು ಕೊಬ್ಬರಿ ಬರ್ಫಿ ಮಾಡಿದ್ದಳು, ಪಾಕ ತಟ್ಟೆಯಲ್ಲಿ ಆರುತ್ತಿತ್ತು. ಸ್ಕೇಲನ್ನು ತಿಕ್ಕಿ ತೊಳೆದು, ಒರೆಸಿ, ತುಪ್ಪ ಸವರಿ ನನ್ನ ಕೈಗೆ ಕೊಟ್ಟಳು. ನಾನು ಎಂದಿನಂತೆ ನೇರವಾಗಿ ಗೆರೆ ಹಾಕಿದೆ. ಸಾಲು ಸಾಲಾಗಿ ಚೌಕಗಳು ಮೂಡಿದವು, ಸುತ್ತಲೂ ಎಂದಿನಂತೆ ಅಂಚಿನ ಚೂರುಗಳು ಉಳಿದವು. ತಟ್ಟೆಯನ್ನು ಶಾಲೂಳ ಮುಂದೆ ಹಿಡಿದಾಗ ಅವಳು ನಡುವಿನ ಚೌಕಕ್ಕೆ ಕೈ ಹಾಕದೆ, ಅಂಚಿನಿಂದ ಒಂದು ಸೊಟ್ಟ ತುಂಡನ್ನು ಎಬ್ಬಿಸಿ ಬಾಯಿಗೆ ಹಾಕಿಕೊಂಡಳು.

ಬೇರೆ ಡಬ್ಬಿಗೆಂದು ಕೈಯೆತ್ತಿದ್ದ ಸುಮಂಗಲಾ ಡಬ್ಬಿಯನ್ನು ಕಪಾಟಿನಲ್ಲೇ ಬಿಟ್ಟಳು. ಉಳಿದ ಚೂರುಗಳನ್ನು ನಾನು ಸ್ಕೇಲಿನಿಂದ ಒಟ್ಟುಮಾಡಿ ಚೌಕಗಳ ಪಕ್ಕದಲ್ಲೇ, ಅದೇ ತಟ್ಟೆಯಲ್ಲಿ ಇಟ್ಟೆ.